ಇಳಿಸಿ ಹೋದ ಟ್ಯಾಂಕು

"ಇದೆಲ್ಲಾ ನಿನ್ನದೇ ಹೇಲೋ, ಇಲ್ಲಾ ಊರವರದ್ದೂ ತಂದು ಕೂಡಿಟ್ಕೊಂಡಿದ್ದೀಯೋ?"

ಕೌಂಟಿ ಆರೋಗ್ಯ ಕಚೇರಿಯ ಇನ್ಸ್‌ಪೆಕ್ಟರ್ ಹಗಿನ್ಸ್ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಹೀಗೆ ಕೇಳಿದಾಗ ಮೊಜೆಲತ್ತೆ ಅದೇ ನೀರಿನಲ್ಲಿ ಮೀನಖಂಡದವರೆಗೆ ಇಳಿದು ನಿಂತಿದ್ದಳು. ಅವಳ ತಗಡಿನ ಟ್ರೇಲರ್ ಮನೆಯ ಕಕ್ಕಸಿನಿಂದ ಹಿತ್ತಲಿಗೆ ಬರುವ ಪೈಪು ಕಟ್ಟಿಕೊಂಡಿತ್ತು. ನಾನು ಪೈಪಿನ ತುದಿ ಎತ್ತಿ ಹಿಡಿದಿದ್ದೆ, ಅವಳು ಕಬ್ಬಿಣದ ಸರಳು ತೂರಿಸಿ ಬಿಡಿಸುತ್ತಿದ್ದಳು. ಅವಳಿಗೆ ಅರವತ್ತು ದಾಟಿದೆ. ಹಗಿನ್ಸನಿಗೆ ಇನ್ನೂ ಮೂವತ್ತಾಗಿಲ್ಲ.

"ನಮ್ದೇ ಸ್ವಾಮಿ," ಎಂದಳು ಅತ್ತೆ, ತಲೆ ಎತ್ತದೆ. "ಊರೋರ್ದು ಊರೋರ ಹಿತ್ಲಲ್ಲೈತೆ."

ಅದು ಸುಳ್ಳಲ್ಲ. ನಮ್ಮ ರಸ್ತೆಯಲ್ಲಿ ಯಾರ ಮನೆಗೂ ಸೆಪ್ಟಿಕ್ ಟ್ಯಾಂಕಿಲ್ಲ. ಅಲಬಾಮದ ಈ ಭಾಗದ್ದು ಎರೆಮಣ್ಣು. ಬೇಸಿಗೆಯಲ್ಲಿ ಪಾದ ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿಕೊಂಡು ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹತ್ತಿ ಬೆಳೆಯಲೆಂದು ಇದೇ ಮಣ್ಣಿಗೆ ನಮ್ಮ ಹಿರಿಯರನ್ನು ಸರಪಳಿ ಹಾಕಿ ತಂದರು. ಈಗ ಅದು ನಮ್ಮ ಹೇಲನ್ನೂ ಒಲ್ಲೆ ಅನ್ನುತ್ತಿದೆ. ಈ ನೆಲಕ್ಕೆ ತಾಳುವ ಟ್ಯಾಂಕು ಹಾಕಿಸುವ ದುಡ್ಡಿಗೆ ಇನ್ನೊಂದು ಟ್ರೇಲರ್ ಮನೆಯೇ ಬರುತ್ತದೆ. ಹಾಗಾಗಿ ಎಲ್ಲರೂ ಪೈಪು ಎಳೆದು ಹಿತ್ತಲಿಗೆ ಬಿಡುತ್ತೇವೆ. ನನ್ನ ಮನೆಯ ಹಿಂದೆ ಪೊದೆ ಬೆಳೆದಿದೆ, ಕಾಣುವುದಿಲ್ಲ. ಅತ್ತೆಯ ಮನೆ ತಗ್ಗಿನಲ್ಲಿದೆ, ರಸ್ತೆಗೇ ಕಾಣುತ್ತದೆ.

"ನೋಡು ಮೊಜೆಲ್," ಹಗಿನ್ಸ್ ಎರಡು ಹೆಜ್ಜೆ ಹಿಂದೆ ಸರಿದ. "ಅಕ್ಟೋಬರ್‌ನಲ್ಲಿ ಕೋರ್ಟು. ಅಷ್ಟರೊಳಗೆ ಟ್ಯಾಂಕು ನೆಲದೊಳಗಿರ್ಬೇಕು. ಇಲ್ಲಾಂದ್ರೆ ದಂಡ. ದಂಡ ಕಟ್ಟಲಿಲ್ವೋ, ಜೈಲು. ಈ ಡಬ್ಬಿಗೂ ವಾಸಕ್ಕೆ ಯೋಗ್ಯವಲ್ಲ ಅಂತ ಬೋರ್ಡ್ ಹೊಡೀತೀವಿ."

"ಒಳಗೆ ನನ್ ತಮ್ಮ ಮಲಗವ್ನೆ ಸ್ವಾಮಿ."

"ಅವನ್ನ ಸರ್ಕಾರಿ ಆರೈಕೆ ಮನೆಗೆ ಸಾಗಿಸ್ತಾರೆ. ಅಲ್ಲಿ ಕಕ್ಕಸಾದ್ರೂ ನೆಟ್ಟಗಿರತ್ತೆ."

ಸಮನ್ಸನ್ನು ಅವಳ ಕೈಗೆ ಕೊಡಲಿಲ್ಲ. ಮನೆಯ ಮೆಟ್ಟಿಲ ಮೇಲಿಟ್ಟು, ಹಾರದಿರಲೆಂದು ಒಂದು ಕಲ್ಲು ಹೇರಿ ಹೋದ. ಜೀಪು ಮರೆಯಾದ ಮೇಲೆ ಅತ್ತೆ ಸರಳನ್ನು ನೆಲಕ್ಕೆ ಚುಚ್ಚಿ ನಿಂತಳು.

"ಅವರಪ್ಪನ ಅಂಡು ತೊಳ್ದಿದ್ದು ಇದೇ ಕೈ ಕಣೆ ವರ್ಡೆಲ್. ನಾನಿನ್ನೂ ಹುಡ್ಗಿಯಾಗಿದ್ದಾಗ ಎರಡೊರ್ಷ ಅವರ ಮನೇಲಿ ಕೂಸಾಡ್ಸಿದ್ದೀನಿ. ಇವತ್ತು ಈ ಕೈಗೆ ಕಾಗ್ದ ಕೊಡಾಕೆ ಅಸಹ್ಯ ಆಯ್ತು, ಮುಂಡೇದಕ್ಕೆ."

ಒಳಗಿನಿಂದ ಈಸಮ್ ಚಿಕ್ಕಪ್ಪ ಗೋಡೆ ಬಡಿದ. ಅವನಿಗೆ ಏನಾದರೂ ಬೇಕಾದರೆ ಗೋಡೆ ಬಡಿಯುತ್ತಾನೆ. ಸಕ್ಕರೆ ಕಾಯಿಲೆ ಅವನ ಎರಡು ಕಾಲನ್ನೂ ತಿಂದಿದೆ, ಆಮೇಲೆ ಬಂದ ಲಕ್ವ ಅರ್ಧ ನಾಲಗೆಯನ್ನು ತಿಂದಿದೆ. ಅತ್ತೆಯೇ ಮಗ್ಗುಲು ಬದಲಿಸಬೇಕು, ತೊಳೆಯಬೇಕು, ಉಣ್ಣಿಸಬೇಕು. ಆ ಆರೈಕೆ ಮನೆಗೆ ನಮ್ಮ ರಸ್ತೆಯಿಂದ ಹೋದವರಲ್ಲಿ ಒಬ್ಬರೂ ಜೀವಂತ ವಾಪಸು ಬಂದಿಲ್ಲ. ಬೆನ್ನು ಹುಣ್ಣಾಗಿ, ಹುಣ್ಣಿನಲ್ಲಿ ಹುಳ ಬಿದ್ದು ಸಾಯುತ್ತಾರೆ. ಅತ್ತೆಗೆ ಜೈಲಿನ ಭಯ ಇರಲಿಲ್ಲ. ಈಸಮನನ್ನು ಅಲ್ಲಿಗೆ ಕಳಿಸಬಾರದು, ಅಷ್ಟೇ.

*

ದೇವರಿದ್ದಾನೆ ಎಂದು ನಂಬುವಂತೆ ಅದೇ ತಿಂಗಳು ಗುತ್ತಿಗೆ ಕಂಪನಿ ಬಂತು. ನಮ್ಮ ಚರ್ಚಿನ ಅಂಗಳದಲ್ಲಿ ಬಿಳಿ ಶಾಮಿಯಾನ ಎದ್ದಿತು. ಹೊಸ ವ್ಯಾನುಗಳು, ತಂಪು ನೀರಿನ ಬಾಟಲಿಗಳು, ಎದೆಯ ಮೇಲೆ ಹಸಿರು ಎಲೆ ಅಚ್ಚಾದ ಅಂಗಿ ತೊಟ್ಟ ಹುಡುಗಿಯರು. ರಾಜ್ಯದ ಆರೋಗ್ಯ ಇಲಾಖೆ ನಮ್ಮ ಕೌಂಟಿಯ ಕೊಳಚೆ ನೀಗಿಸಲು ಹದಿನಾಲ್ಕು ಲಕ್ಷ ಡಾಲರಿನ ಗುತ್ತಿಗೆ ಕೊಟ್ಟಿದೆ ಎಂದು ಪಾದ್ರಿ ಸ್ಟಾಲ್‌ವರ್ತ್ ಹೇಳಿದಾಗ ಹಿಂದಿನ ಬೆಂಚಿನಲ್ಲಿ ಯಾರೋ ಸಿಳ್ಳೆ ಹೊಡೆದರು.

ಕಂಪನಿಯ ಮುಖ್ಯಸ್ಥೆ ಮಿಸ್ ಪ್ರೆಂಟಿಸ್. ಒಳ್ಳೆಯ ಹೆಂಗಸು, ಎಲ್ಲರಿಗೂ "ನೀವು" ಅನ್ನುತ್ತಿದ್ದಳು. ನಮಗೆ ಮೊದಲು ಕೈ ತೊಳೆಯುವುದನ್ನು ಕಲಿಸಿದಳು. ನಾನು ಮೀನಿನ ಕಾರ್ಖಾನೆಯಲ್ಲಿ ದಿನವಿಡೀ ಮೀನು ಸೀಳುವವಳು, ಕೈ ತೊಳೆದೂ ತೊಳೆದೂ ನನ್ನ ಬೆರಳಿನ ಗೆರೆಗಳೇ ಅಳಿಸಿಹೋಗಿವೆ. ಮೊಜೆಲತ್ತೆ ಊರಿನ ಅರ್ಧ ಹೆಣಗಳನ್ನು ತೊಳೆದವಳು. ಇಬ್ಬರನ್ನೂ ಪ್ಲಾಸ್ಟಿಕ್ ಬೋಗುಣಿಯ ಮುಂದೆ ನಿಲ್ಲಿಸಿ, ಹಾಡು ಹೇಳಿಕೊಂಡು ಬೆರಳ ಸಂದಿಯಲ್ಲಿ ಸೋಪು ತಿಕ್ಕಿ ಎಂದರು. ತಿಕ್ಕಿದೆವು. ಆಮೇಲೆ ಒಬ್ಬೊಬ್ಬರಿಗೂ ಮುಚ್ಚಳವಿರುವ ಚಿಕ್ಕ ಡಬ್ಬಿ ಕೊಟ್ಟು, ಬೆಳಗಿನ ಹೇಲು ಹಿಡಿದು ತನ್ನಿ, ಹುಳ ಇದೆಯೋ ನೋಡುತ್ತೇವೆ ಎಂದರು.

"ಹುಳ ಇದ್ರೆ ನೀವ್ ಇಟ್ಕಂತೀರೋ, ನಮ್ಗೇ ವಾಪಸ್ ಕೊಡ್ತೀರೋ?" ಎಂದಳು ಅತ್ತೆ. ಹೆಂಗಸರೆಲ್ಲ ನಕ್ಕರು. ಅತ್ತೆ ನಗಲಿಲ್ಲ. "ಇನ್ನೊಂದು ಕೇಳ್ತೀನಿ ತಾಯಿ. ಈ ಕೈ ತೊಳ್ದ ನೀರು ಎಲ್ಲಿಗೋಯ್ತದೆ? ನನ್ನ ಮನೇಲಿ ಅದು ಹಿತ್ಲಿಗೋಯ್ತದೆ, ಮಳೆ ಬಂದ್ರೆ ಅದೇ ನೀರು ನನ್ ತಮ್ಮನ ಮಂಚದಡಿಗೆ ವಾಪಸ್ ಬತ್ತದೆ."

"ತುಂಬಾ ಒಳ್ಳೇ ಪ್ರಶ್ನೆ," ಎಂದು ಮಿಸ್ ಪ್ರೆಂಟಿಸ್ ಅದನ್ನು ದೊಡ್ಡ ಹಾಳೆಯ ಮೇಲೆ ಬಣ್ಣದ ಪೆನ್ನಿನಲ್ಲಿ ಬರೆದು ಗೋಡೆಗೆ ಅಂಟಿಸಿದಳು.

ಊಟದ ಪೊಟ್ಟಣ ಕೊಟ್ಟರು, ಹಸಿರು ಎಲೆಯ ಅಂಗಿ ಕೊಟ್ಟರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ಕೊನೆಗೆ ಮಿಸ್ ಪ್ರೆಂಟಿಸ್ ಹೇಳಿದ್ದು ಮಾತ್ರ ಎಲ್ಲರ ಕಿವಿ ನೆಟ್ಟಗಾಗಿಸಿತು. ಕೌಂಟಿಯಲ್ಲಿ ಆಯ್ದ ಮನೆಗಳಿಗೆ ಹೊಸ ಟ್ಯಾಂಕು, ಬಿಟ್ಟಿ. ಕೋರ್ಟಿನ ಕೇಸಿರುವವರಿಗೆ ಮೊದಲು. ಅತ್ತೆ ನನ್ನ ಮಣಿಕಟ್ಟು ಹಿಡಿದವಳು ಮನೆ ತಲುಪುವವರೆಗೂ ಬಿಡಲಿಲ್ಲ.

*

ಟ್ಯಾಂಕು ಬಂದದ್ದು ಜುಲೈನಲ್ಲಿ, ಲಾರಿಯಲ್ಲಿ. ಕಪ್ಪು ಪ್ಲಾಸ್ಟಿಕ್ಕಿನದು, ಒಳಗೆ ಇಬ್ಬರು ಕೂತು ಇಸ್ಪೀಟು ಆಡುವಷ್ಟು ದೊಡ್ಡದು. ಇಬ್ಬರು ಆಳುಗಳು ಹಲಗೆಯ ಮೇಲೆ ಉರುಳಿಸಿ ಅಂಗಳದಲ್ಲಿ ಇಳಿಸಿದರು. ಹಸಿರು ಅಂಗಿಯ ಹುಡುಗಿಯೊಬ್ಬಳು ಅತ್ತೆಯನ್ನು ಟ್ಯಾಂಕಿನ ಪಕ್ಕ ನಿಲ್ಲಿಸಿದಳು.

"ನಗಿ, ಮೇಡಂ."

ಅತ್ತೆ ನಿಜವಾಗಿಯೇ ನಕ್ಕಳು. ಅವಳು ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿ ವರ್ಷಗಳಾಗಿದ್ದವು. ಫೋಟೋ ಆಯಿತು. ಆಳುಗಳು ಲಾರಿ ಹತ್ತಿದರು.

"ಎಲ್ಲಿಗ್ ಹೊಂಟ್ರಪ್ಪ?" ಎಂದಳು ಅತ್ತೆ. "ಗುಂಡಿ ತೋಡೋರು ಯಾರು?"

"ನಮ್ದು ಇಳಿಸೋದಷ್ಟೇ ಅಮ್ಮಾ. ಹೂಳೋದು ಬೇರೆ ಗುತ್ತಿಗೆ."

"ಆ ಗುತ್ತಿಗೆಯೋರು ಯಾವಾಗ ಬತ್ತಾರೆ?"

"ಅದು ಇನ್ನೂ ಯಾರಿಗೂ ಕೊಟ್ಟಿಲ್ವಂತೆ," ಎಂದ ಡ್ರೈವರ್. ಅವನಿಗೂ ನಾಚಿಕೆಯಾದಂತಿತ್ತು, ಮುಖ ತಿರುಗಿಸಿಕೊಂಡು ಗಾಡಿ ಎಬ್ಬಿಸಿದ.

ಆ ವಾರವೆಲ್ಲ ಅತ್ತೆ ಮಿಸ್ ಪ್ರೆಂಟಿಸಳಿಗೆ ಫೋನು ಮಾಡಿದಳು. ಕೊನೆಗೊಮ್ಮೆ ಅವಳೇ ಎತ್ತಿದಳು. ಫೋನು ಜೋರಾಗಿಟ್ಟಿದ್ದರಿಂದ ನನಗೂ ಕೇಳಿಸಿತು. ಹೂಳುವ ಗುತ್ತಿಗೆ ಕೊಡುವುದು ತಡವಾಗಬಹುದು, ಆದರೆ ಕೊಟ್ಟಾಗ ಮೊದಲ ಮನೆ ನಿಮ್ಮದೇ. ಅದಕ್ಕೆ ಜಮೀನಿನ ಮಾಲೀಕರ ಸಹಿ ಬೇಕು ಎಂದಳು.

"ಜಮೀನು ನಮ್ದೇ ತಾಯಿ. ನಮ್ಮ ಗ್ರೀನ್‌ಬೆರಿ ತಾತಂದು."

"ಅವರ ಸಹಿ ಸಿಗುತ್ತಾ?"

ಅತ್ತೆ ಕಿಟಕಿಯಾಚೆ ನೋಡಿದಳು. ಗ್ರೀನ್‌ಬೆರಿ ತಾತ ಕಾಣುವಷ್ಟು ದೂರದಲ್ಲೇ ಇದ್ದ, ಸೀಡರ್ ಮರದ ಕೆಳಗೆ ಮಣ್ಣಿನಲ್ಲಿ, ಅತ್ತೆ ಹುಟ್ಟುವ ಮೊದಲಿನಿಂದಲೂ.

ಅವನು ವಿಲ್ಲು ಬರೆಯದೆ ಸತ್ತ. ನಮ್ಮಲ್ಲಿ ಯಾರೂ ಬರೆಯುತ್ತಿರಲಿಲ್ಲ. ಕರಿಯನ ಜಮೀನು ಕೋರ್ಟಿನ ಮೆಟ್ಟಿಲು ಹತ್ತಿದರೆ ಅವನ ಜೊತೆ ವಾಪಸು ಇಳಿಯುವುದಿಲ್ಲ ಎಂದು ಹಿರಿಯರು ಕಂಡು ಕಲಿತಿದ್ದರು. ಕಾಗದ ಇಲ್ಲದಿದ್ದರೆ ಕಸಿಯುವುದೂ ಕಷ್ಟ ಎಂಬುದು ಅವರ ಲೆಕ್ಕ. ಹಾಗಾಗಿ ಜಮೀನು ತಾತನ ಹೆಸರಿನಲ್ಲೇ ಉಳಿದು, ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳೆಲ್ಲರ ಪಾಲಾಗಿದೆ. ಡೆಟ್ರಾಯಿಟ್‌ನಲ್ಲಿದ್ದಾರೆ, ಕ್ಲೀವ್‌ಲ್ಯಾಂಡ್‌ನಲ್ಲಿದ್ದಾರೆ, ಎಲ್ಲಿದ್ದಾರೋ ಗೊತ್ತಿಲ್ಲದವರೂ ಇದ್ದಾರೆ. ಅಷ್ಟೂ ಜನ ಒಪ್ಪಿ ಸಹಿ ಹಾಕಿದರೆ ಆಗಬಹುದು ಎಂದಳು ಮಿಸ್ ಪ್ರೆಂಟಿಸ್, ಬಹಳ ಮರುಕದಿಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ.

*

ಆಗಸ್ಟಿನ ಮೂರನೇ ಭಾನುವಾರ ನಮ್ಮ ಚರ್ಚಿನಲ್ಲಿ ಮನೆಗೆ ಮರಳುವ ಹಬ್ಬ. ಉತ್ತರಕ್ಕೆ ಹೋದವರೆಲ್ಲ ಕಾರು ತುಂಬಿಕೊಂಡು ಬರುತ್ತಾರೆ, ಹಿರಿಯರ ಗೋರಿ ಗುಡಿಸುತ್ತಾರೆ, ಮರದಡಿ ಮೇಜು ಹಾಕಿ ಉಣ್ಣುತ್ತಾರೆ. ಅತ್ತೆ ಅವತ್ತು ಉಣ್ಣಲಿಲ್ಲ. ಒಂದು ಕೈಯಲ್ಲಿ ಕರಿದ ಮೀನಿನ ತಟ್ಟೆ, ಇನ್ನೊಂದು ಕೈಯಲ್ಲಿ ಕಂಪನಿಯ ಕಾಗದ ಹಿಡಿದು ಮೇಜಿನಿಂದ ಮೇಜಿಗೆ ಹೋದಳು. ಮೀನು ತಿಂದ ಎಣ್ಣೆಗೈಯಲ್ಲೇ ಎಷ್ಟೋ ಜನ ಸಹಿ ಹಾಕಿದರು. ಊರಲ್ಲಿಲ್ಲದವರದ್ದು ನಾವು ತರಿಸಿಕೊಡುತ್ತೇವೆ ಎಂದರು. ರೇಫೀಲ್ಡ್ ದೊಡ್ಡಪ್ಪನ ಹತ್ತಿರ ಬಂದಾಗ ನಿಂತಿತು.

ರೇಫೀಲ್ಡ್ ದೊಡ್ಡಪ್ಪ ಡೆಟ್ರಾಯಿಟ್‌ನಲ್ಲಿ ಕಾರು ಕಾರ್ಖಾನೆಯ ಕುಲುಮೆಯಲ್ಲಿ ದುಡಿದು ನಿವೃತ್ತನಾದವನು. ಈಗಲೂ ಗೂಳಿಯಂಥ ಕುತ್ತಿಗೆ. ಕಾಗದವನ್ನು ಮುಟ್ಟದೆ ಓದಿದ.

"ಮೊಜೆಲ್, ನೀ ಕೇಳಿದ್ರೆ ನನ್ ಒಂದ್ ಕಣ್ ಕಿತ್ಕೊಡ್ತೀನಿ. ಸಹಿ ಕೇಳ್ಬ್ಯಾಡ."

"ಬರೀ ಟ್ಯಾಂಕಿಗೆ ಕಣಣ್ಣ."

"ನಮ್ಮಪ್ಪ ಸಹಿ ಹಾಕಿದ್ದು ಬರೀ ಬೀಜದ ಸಾಲಕ್ಕೆ. ಆ ಸುಗ್ಗಿ ಮುಗಿಯೋದ್ರಲ್ಲಿ ಅವ್ನು ಕೊಂಡಿದ್ದ ಹೊಲಕ್ಕೆ ಸಾಲ ಕೊಟ್ಟೋರ ಬೇಲಿ ಬಿದ್ದಿತ್ತು. ನಾವೇನು ಕಾರು ಮಾಡೋ ಆಸೆಗೆ ಡೆಟ್ರಾಯಿಟ್‌ಗೆ ಹೋದ್ವಾ? ಈ ಕಾಗ್ದದಲ್ಲಿ ನೋಡು, 'ಕಾಮಗಾರಿಗೆ ಅಗತ್ಯವಾದ ಪ್ರವೇಶ' ಅಂತವ್ರೆ. ಒಳಗೆ ಬಂದೋರು ಆಚೆ ಹೋಯ್ತಾರೆ ಅಂತ ಎಲ್ಲಿ ಬರ್ದವ್ರೆ, ತೋರ್ಸು."

"ಈಸಮನ್ನ ತಕ್ಕೊಂಡೋಯ್ತಾರೆ ಅಣ್ಣ."

ಅವನು ಎರಡೂ ಕೈ ಜೇಬಿಗೆ ಹಾಕಿಕೊಂಡ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಅತ್ತೆ ಕಾಗದ ಮಡಿಸಿ ಅಂಗಿಯ ಎದೆಯೊಳಗೆ ತುರುಕಿಕೊಂಡು ಪಾತ್ರೆ ತೊಳೆಯಲು ಹೋದಳು.

ಮರುದಿನ ಬೆಳಿಗ್ಗೆ ಗುದ್ದಲಿಯ ಸದ್ದಿಗೆ ನನಗೆ ಎಚ್ಚರವಾಯಿತು. ರೇಫೀಲ್ಡ್ ದೊಡ್ಡಪ್ಪ ಅತ್ತೆಯ ಅಂಗಳದಲ್ಲಿ ಬನಿಯನ್ನಿನಲ್ಲಿ ನಿಂತು ಅಗೆಯುತ್ತಿದ್ದ.

"ಸಹಿ ಹಾಕಾಕಿಲ್ಲ ಅಂದೆ," ಎಂದ ನನ್ನನ್ನು ನೋಡಿ. "ಅಗಿಯಾಕಿಲ್ಲ ಅಂದ್ನಾ? ಹಾರೆ ತಗಂಬಾ."

*

ಬೇಸಿಗೆಯ ಎರೆ ಕಬ್ಬಿಣ. ಹಾರೆ ಹಾಕಿದರೆ ಕಿಡಿ ಬರುತ್ತಿತ್ತು. ಉತ್ತರದಿಂದ ಬಂದಿದ್ದ ಗಂಡಸರು ರಜೆ ಮುಂದುವರಿಸಿ ನಿಂತರು. ಹಣೆಯ ಬೆವರು ಒರೆಸಿಕೊಳ್ಳುತ್ತ, ಕಂಪನಿಯ ತಾಯಿ, ಅಕ್ಕ, ಅಜ್ಜಿಯರನ್ನೆಲ್ಲ ಬೈಗುಳದಲ್ಲಿ ಮೆರವಣಿಗೆ ಮಾಡಿಸುತ್ತ ಅಗೆದರು. ಗುಂಡಿಯಾಯಿತು. ಹಗ್ಗ ಕಟ್ಟಿ ಟ್ಯಾಂಕನ್ನು ಇಳಿಸಿದರು. ಮನೆಯ ಪೈಪನ್ನು ಅದಕ್ಕೆ ಕೂಡಿಸಿ, ಅಲ್ಲಿಂದಾಚೆ ಜಲ್ಲಿ ತುಂಬಿದ ಕಾಲುವೆ ತೆಗೆದು ಮಣ್ಣು ಮುಚ್ಚಿದರು. ರೇಫೀಲ್ಡ್ ದೊಡ್ಡಪ್ಪ ಮೇಲೆ ಹತ್ತಿ ಕುಣಿದು ಮಣ್ಣು ಗಟ್ಟಿ ಮಾಡಿದ.

ಆ ಕೆಲವು ವಾರ ಹಿತ್ತಲು ಒಣಗಿತು. ಇದನ್ನು ನಾನು ಯಾರಿಗೆ ಹೇಗೆ ಹೇಳಲಿ, ಹಿತ್ತಲು ಒಣಗಿತು ಎಂದರೆ ಏನೆಂದು. ನೊಣ ಕಡಿಮೆಯಾದವು. ಅತ್ತೆ ಕಿಟಕಿ ತೆಗೆದಿಟ್ಟು ಅಡಿಗೆ ಮಾಡಿದಳು. ಈಸಮ್ ಚಿಕ್ಕಪ್ಪನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಹಿಂದಿನ ಜಗಲಿಗೆ ತಂದೆವು. ಅವನು ಮೂಗೆಳೆದು, ಅರ್ಧ ನಾಲಗೆಯಲ್ಲಿ "ಹು... ಹುಲ್ಲು" ಎಂದ. ಹುಲ್ಲಿನ ವಾಸನೆ ಬರುತ್ತಿತ್ತು.

ಟ್ಯಾಂಕು ಬೇಗ ತುಂಬಬಾರದೆಂದು ಅತ್ತೆಗೆ ಆಸೆ. ಹೊಸ ಪಾತ್ರೆಯನ್ನು ಉಳಿಸಿಕೊಳ್ಳುವ ಹಾಗೆ ಅದನ್ನು ಕಾದಳು. ಬಟ್ಟೆಯನ್ನು ನನ್ನ ಮನೆಯಲ್ಲಿ ಒಗೆದಳು, ಕಕ್ಕಸಿಗೆ ಚೊಂಬಿನಲ್ಲಿ ಲೆಕ್ಕ ಮಾಡಿ ನೀರು ಹಾಕಿದಳು. "ಖಾಲಿ ಇದ್ದಷ್ಟೂ ಬಾಳ್ತದೆ ಕಣೆ," ಅನ್ನುತ್ತಿದ್ದಳು. ನಾವೂ ಹೌದೆಂದೆವು. ಖಾಲಿ ಟ್ಯಾಂಕು ನೆಲದ ನೀರಿಗೆ ತೇಲುತ್ತದೆ, ಹೂಳುವಾಗ ಒಳಗೆ ನೀರು ತುಂಬಿಸಬೇಕು, ಮೇಲೆ ಭಾರ ಕಟ್ಟಬೇಕು ಎಂಬುದು ಹೂಳುವ ಗುತ್ತಿಗೆಯವರಿಗೆ ಗೊತ್ತಿರುತ್ತದಂತೆ. ನಾವು ಹೂಳಿ ಗೊತ್ತಿದ್ದದ್ದು ಹೆಣಗಳನ್ನಷ್ಟೇ. ಹೂಳಿದ್ದು ಎದ್ದು ಬರುತ್ತದೆಂದು ಯಾರಿಗೆ ಹೊಳೆದೀತು.

ಸೆಪ್ಟೆಂಬರಿನಲ್ಲಿ ದಕ್ಷಿಣದ ಕೊಲ್ಲಿಯ ಕಡೆಯಿಂದ ಚಂಡಮಾರುತದ ಬಾಲ ನಮ್ಮ ಮೇಲೆ ಹಾದುಹೋಯಿತು. ಮಳೆ ನಿಲ್ಲಲೇ ಇಲ್ಲ. ಎರೆ ಉಬ್ಬಿತು, ತಗ್ಗಿನಲ್ಲಿ ನೀರು ನಿಂತಿತು. ಮೂರನೆಯ ದಿನ ಮಧ್ಯಾಹ್ನ ಅತ್ತೆ ನನ್ನನ್ನು ಕೂಗಿದಳು. ಓಡಿಹೋಗಿ ನೋಡಿದರೆ ಅಂಗಳದ ನೆಲ ಬಾಯಿ ಬಿಡುತ್ತಿತ್ತು. ಹೊಂಡದಲ್ಲಿ ಮಲಗಿದ್ದ ಹಸು ಮೇಲೇಳುವ ಹಾಗೆ ಆ ಕಪ್ಪು ಬೆನ್ನು ಮಣ್ಣು ಕೊಡವಿಕೊಂಡು ನಿಧಾನವಾಗಿ ಎದ್ದು ಬಂತು. ಪೈಪು ಲಟಕ್ಕೆಂದು ಮುರಿಯಿತು. ಟ್ಯಾಂಕು ಮಗ್ಗುಲಾಗಿ ಜಗಲಿಗೆ ಒರಗಿ, ಒಳಗೆ ಅಷ್ಟಿಷ್ಟು ಕೂಡಿದ್ದನ್ನೆಲ್ಲ ಮನೆಯ ಕೆಳಗೆ ಕಾರಿತು.

ಒಳಗೆ ಈಸಮ್ ಚಿಕ್ಕಪ್ಪ ಗೋಡೆ ಬಡಿಯುತ್ತಿದ್ದ. ಅತ್ತೆ ಮಳೆಯಲ್ಲಿ ನಿಂತೇ ಇದ್ದಳು.

"ಬಿದ್ಕೊಂಡಿದ್ರೆ ಏನಾಗ್ತಿತ್ತೆ ನಿಂಗೆ," ಎಂದಳು ಟ್ಯಾಂಕಿಗೆ. "ಬಿದ್ಕೊಂಡಿರು ಅಂತ ತಾನೇ ಕೇಳಿದ್ದು."

*

ಕೋರ್ಟಿನಲ್ಲಿ ನಮ್ಮ ಸರದಿ ಬಂದಾಗ ಜಡ್ಜಿ ಊಟಕ್ಕೆ ಏಳುವ ಆತುರದಲ್ಲಿದ್ದ. ಹಗಿನ್ಸ್ ಅತ್ತೆಯ ಮೇಲಿನ ಎರಡು ಆರೋಪ ಓದಿದ. ಬಯಲಿಗೆ ಕೊಳಚೆ ಬಿಟ್ಟದ್ದು ಒಂದು. ತನ್ನದಲ್ಲದ ಜಮೀನಿನಲ್ಲಿ ಅನುಮತಿಯಿಲ್ಲದೆ ಟ್ಯಾಂಕು ಹೂಳಿದ್ದು ಇನ್ನೊಂದು.

"ಏನಾದ್ರೂ ಹೇಳೋದಿದ್ಯಾ?" ಎಂದ ಜಡ್ಜಿ.

ಅತ್ತೆ ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡು ಬಂದಿದ್ದಳು. ಅದನ್ನು ತೆಗೆದು ಕೈಯಲ್ಲಿ ಹಿಡಿದಳು.

"ಒಂದೇ ಮಾತು ಸ್ವಾಮಿ. ಟ್ಯಾಂಕ್ ಹೂಳಾಕೆ ಜಮೀನು ನಂದಲ್ಲ ಅಂದ್ರು. ಹೇಲ್ ಬಿಟ್ಟಿದ್ದಕ್ಕೆ ಜೈಲಿಗೆ ಹಾಕಾಕೆ ಅದೇ ಜಮೀನು ನಂದಾ?"

"ವಾಸ ಮಾಡೋರೇ ಜವಾಬ್ದಾರರು."

"ಹಂಗಾರೆ ವಾಸ ಮಾಡೋರ್ಗೇ ಟ್ಯಾಂಕ್ ಹೂಳ್ಕೊಡಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಜಡ್ಜಿ ಕನ್ನಡಕದ ಮೇಲಿಂದ ನೋಡಿ, ಇದು ತನ್ನ ಕೋರ್ಟೆಂದು ನೆನಪಿಸಿ, ದಂಡ ಹೇಳಿದ. ಅದು ಅತ್ತೆ ಕಂಡ ದುಡ್ಡಲ್ಲ. ಕಟ್ಟಲಾಗದಿದ್ದರೆ ಒಂದು ತಿಂಗಳು ಜೈಲು. ಷೆರಿಫನ ಆಳು ಬಂದು ತೋಳು ಹಿಡಿದ. ಅವಳು ಟೋಪಿಯನ್ನು ನನ್ನ ಕೈಗೆ ಕೊಟ್ಟಳು.

"ಎರಡ್ ಗಂಟೆಗೊಂದ್ಸಲ ಮಗ್ಗುಲ್ ಬದ್ಲಿಸು ಅವನ್ನ. ಎಡಗಡೆ ಜಾಸ್ತಿ ಮಲಗಿಸ್ಬ್ಯಾಡ. ಅವ್ರಿಗ್ ಕೊಡ್ಬ್ಯಾಡ ಕಣೆ ವರ್ಡೆಲ್."

ಕೊಡುವುದಿಲ್ಲ ಎಂದೆ. ಕಾರ್ಖಾನೆಗೆ ಹೋಗುವುದು ಬಿಟ್ಟೆ. ನಾಲ್ಕನೆಯ ದಿನ, ಬರಬೇಡ ಎಂದು ಅಲ್ಲಿಂದಲೇ ಹೇಳಿ ಕಳಿಸಿದರು. ಅದರ ಮುಂದಿನ ವಾರ ಹಗಿನ್ಸ್ ಬಂದು ಬಾಗಿಲಿಗೆ ಕೆಂಪು ಬೋರ್ಡು ಹೊಡೆದ. ವಾಸಕ್ಕೆ ಯೋಗ್ಯವಲ್ಲ. ರೋಗಿಯನ್ನು ಸಾಗಿಸಲು ಶುಕ್ರವಾರ ವ್ಯಾನು ಬರುತ್ತದೆ ಎಂದ. ನನ್ನ ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದೆ.

"ಕರ್ಕೊಂಡ್ ಹೋಗು," ಎಂದ. "ಆಮೇಲೆ ನಿನ್ ಮನೆ ಹಿಂದಿನ ಪೊದೇನೂ ಒಂದ್ಸಲ ನೋಡ್ತೀನಿ. ಅಲ್ಲಿ ಮಕ್ಕಳೂ ಇದಾವೆ, ಅಲ್ವಾ?"

ನನಗೆ ಇಬ್ಬರು ಮಕ್ಕಳು. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ, ಮೂಲವಾಗುವುದು ದವಡೆಗಷ್ಟೇ ಆಗಿದ್ದರೆ ಅವತ್ತು ನಾನು ಸುಮ್ಮನಿರುತ್ತಿರಲಿಲ್ಲ.

*

ಶುಕ್ರವಾರ ವ್ಯಾನು ಬಂತು. ಡ್ರೈವರ್ ನಮ್ಮವನೇ, ಪಕ್ಕದ ಊರಿನ ಹುಡುಗ. ಈಸಮ್ ಚಿಕ್ಕಪ್ಪನನ್ನು 'ತಾತ' ಅನ್ನುತ್ತ ಮಗುವನ್ನು ಎತ್ತಿದ ಹಾಗೆ ಎತ್ತಿ ಕುರ್ಚಿಗೆ ಕೂರಿಸಿ, ಕುರ್ಚಿಯನ್ನು ವ್ಯಾನಿನೊಳಗೆ ಬಿಗಿದ. ಆರೈಕೆ ಮನೆಯ ಬಾಗಿಲವರೆಗೂ ಬಿಟ್ಟು ಬರಲು ನಾನೂ ಹತ್ತಿದೆ.

ಚರ್ಚಿನ ಹತ್ತಿರ ವ್ಯಾನು ನಿಂತಿತು. ಒಂದೇ ಗಾಡಿ ಹೋಗುವ ರಸ್ತೆ, ಎರಡೂ ಬದಿ ಕಾರುಗಳು. ಅಂಗಳದಲ್ಲಿ ಮತ್ತೆ ಬಿಳಿ ಶಾಮಿಯಾನ ಎದ್ದಿತ್ತು, ಈ ಸಲ ಇನ್ನೂ ದೊಡ್ಡದು. ಗುತ್ತಿಗೆ ಮುಗಿದಿತ್ತು. ರಾಜಧಾನಿಯಿಂದ ಇಲಾಖೆಯ ದೊಡ್ಡವರು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು, ಹಗಿನ್ಸನೂ ಇದ್ದ. ಮಿಸ್ ಪ್ರೆಂಟಿಸ್ ಮೈಕು ಹಿಡಿದು ಎಷ್ಟು ಕೈ ತೊಳೆಸಿದೆವು, ಎಷ್ಟು ಡಬ್ಬಿ ಕೂಡಿಸಿದೆವು, ಎಷ್ಟು ಟ್ಯಾಂಕು ತಲುಪಿಸಿದೆವು ಎಂದು ಹೇಳುತ್ತಿದ್ದಳು. ತಲುಪಿಸಿದೆವು ಎಂದಾಗಲೆಲ್ಲ ಚಪ್ಪಾಳೆ. ಅವಳ ಪಕ್ಕದ ಸ್ಟ್ಯಾಂಡಿನ ಮೇಲೆ ಆಳೆತ್ತರದ ಫೋಟೋ ಹಲಗೆಯಿತ್ತು. ಅದರಲ್ಲಿ ಮೊಜೆಲತ್ತೆ ಟ್ಯಾಂಕಿನ ಮೇಲೆ ಕೈಯಿಟ್ಟು ಹಲ್ಲು ಕಾಣುವಂತೆ ನಗುತ್ತಿದ್ದಳು.

ಈಸಮ್ ಚಿಕ್ಕಪ್ಪ ಕಿಟಕಿಯ ಗಾಜು ಬಡಿದ.

"ಅ... ಅಕ್ಕ."

"ಹೂಂ ಚಿಕ್ಕಪ್ಪ. ಫೋಟೋ."

"ಕ... ಕರ್ಕೊಂ... ಬಾ."

ಮತ್ತೆ ಬಡಿದ. ನಿಲ್ಲಿಸಲಿಲ್ಲ. ಕಾರು ತೆಗೆಸಲು ಡ್ರೈವರ್ ಇಳಿದು ಹೋಗಿದ್ದ. ನಾನು ಯೋಚನೆ ಮಾಡಲಿಲ್ಲ. ಇಳಿದು ಶಾಮಿಯಾನದ ನಡುವಿನ ದಾರಿಯಲ್ಲಿ ನಡೆದು ವೇದಿಕೆ ಹತ್ತಿ ಹಲಗೆಯನ್ನು ಸ್ಟ್ಯಾಂಡಿನಿಂದ ಎತ್ತಿಕೊಂಡೆ.

ಮಿಸ್ ಪ್ರೆಂಟಿಸ್ ಮೈಕಿಗೆ ಕೈ ಅಡ್ಡ ಹಿಡಿದಳು. "ವರ್ಡೆಲ್, ದಯವಿಟ್ಟು. ಅದು ಇಲಾಖೆಯದ್ದು."

"ಮುಖ ನಮ್ಮದು," ಎಂದೆ. "ಇವಳು ಎಲ್ಲವ್ಳೆ ಅಂತ ಕೇಳ್ರೀ ಯಾರಾದ್ರೂ. ಜೈಲಲ್ಲವ್ಳೆ. ನೀವ್ ಕೊಟ್ಟ ಟ್ಯಾಂಕ್ ಹೂಳಿದ್ದಕ್ಕೆ."

ಮುಂದಿನ ಸಾಲಿನಲ್ಲಿ ಒಬ್ಬ ದೊಡ್ಡವನು, ಪ್ರಶ್ನೆಗಳಿಗೆ ಕೊನೆಯಲ್ಲಿ ಸಮಯವಿದೆ ಎಂದ. ನಮ್ಮ ಹೆಂಗಸರು ಊಟದ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದರು. ಪಾದ್ರಿ ಸ್ಟಾಲ್‌ವರ್ತ್ ಎದ್ದು ನಿಂತು, ಎಲ್ಲರೂ ಪ್ರಾರ್ಥನೆ ಮಾಡೋಣ ಎಂದು ಕಣ್ಣು ಮುಚ್ಚಿದ. ಪ್ರಾರ್ಥನೆಯ ನಡುವೆ ನಾನು ಹಲಗೆ ಹೊತ್ತು ಹೊರಗೆ ಬಂದೆ.

ಚಿಕ್ಕಪ್ಪ ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡ. ಹಲಗೆ ವ್ಯಾನಿನ ಬಾಗಿಲಿಗಿಂತ ಅಗಲ. ಅರ್ಧ ಒಳಗೆ, ಅರ್ಧ ಹೊರಗೆ ನಿಂತಿತು. ಅಷ್ಟರಲ್ಲಿ ಡ್ರೈವರ್ ಬಂದು ಬಾಗಿಲು ಎಳೆದ. ಹಲಗೆಗೆ ತಾಗಿ ಬಾಗಿಲು ಹಿಂದಕ್ಕೆ ಹೋಯಿತು, ಬಾಗಿಲು ಮುಚ್ಚಿಲ್ಲವೆಂದು ವ್ಯಾನು ಕೊಂಯ್ ಕೊಂಯ್ ಎಂದು ಬಡಿದುಕೊಳ್ಳತೊಡಗಿತು.

"ತಾತ, ಬಿಡು ತಾತ. ಬಾಗಿಲು ಹಾಕ್ಕೊಳ್ದೆ ಗಾಡಿ ಓಡ್ಸಂಗಿಲ್ಲ."

"ಅ... ಅಕ್ಕನ್ ಬಿಟ್ಟು... ಬರಾಕಿಲ್ಲ."

"ಅಕ್ಕ, ನೀವಾದ್ರೂ ಹೇಳಿ," ಎಂದ ಹುಡುಗ ನನಗೆ.

ನಾನು ಹೇಳಲಿಲ್ಲ. ಹುಡುಗ ಹಲಗೆಯ ಅಂಚು ಹಿಡಿದು ಮೆಲ್ಲಗೆ ಎಳೆದ, ಆಮೇಲೆ ಜೋರಾಗಿ ಎಳೆದ. ಕಾಲಿಲ್ಲದ ದೇಹ ಕುರ್ಚಿಯ ಪಟ್ಟಿಯೊಳಗೆ ಮುಂದಕ್ಕೆ ಜಗ್ಗಿತು, ಬೆರಳು ಮಾತ್ರ ಸಡಿಲಾಗಲಿಲ್ಲ. ಶಾಮಿಯಾನದಲ್ಲಿ ಆಮೆನ್ ಎಂದರು. ದೊಡ್ಡವರು ಎದ್ದು ಬಂದು ಕಾರು ಹತ್ತಿದರು, ನಮ್ಮ ಹಿಂದೆ ಒಂದರ ಹಿಂದೊಂದು ನಿಂತವು. ಮೊದಲು ಹಗಿನ್ಸ್ ಹಾರ್ನ್ ಹೊಡೆದ, ಆಮೇಲೆ ಎಲ್ಲರೂ ಹೊಡೆದರು. ಚಿಕ್ಕಪ್ಪ ಅಕ್ಕನ ಮುಖಕ್ಕೆ ತನ್ನ ಕೆನ್ನೆ ಒತ್ತಿಕೊಂಡು ರಸ್ತೆಯನ್ನೇ ನೋಡುತ್ತ ಕೂತಿದ್ದ.